ಬಯಲಿನಲ್ಲಿ ನಡೆದ ನಾದಪರೀಕ್ಷೆ

ಸಂತೆಯಲ್ಲಿ ಒಂದು ಮಡಕೆಯನ್ನು ಕೊಳ್ಳುವಾಗಲೂ ಬೆರಳ ಗೆಣ್ಣಿನಿಂದ ಬಡಿದು, ಅದರ ದನಿಯನ್ನು ಕೇಳಿ, ಆಮೇಲೆ ಕಾಸು ಬಿಚ್ಚುವವರು ನಾವು. ಹಾಗಿರುವಾಗ ದನಿಯೇ ಸರ್ವಸ್ವವಾದ ವಾದ್ಯವನ್ನು ಕೊಳ್ಳುವವರು ಎಷ್ಟು ಎಚ್ಚರದಿಂದಿರಬೇಕು! ಒಂದು ದೇಶದ ಸೈನ್ಯವೇ ಹೀಗೆ ಹಿತ್ತಾಳೆಯ ವಾದ್ಯಗಳನ್ನು ಊದಿಸಿ, ಹೋಲಿಸಿ ನೋಡಿ ಆರಿಸಿಕೊಂಡ ಪ್ರಸಂಗವೊಂದು ಚರಿತ್ರೆಯಲ್ಲಿದೆ.

1840ರ ದಶಕದಲ್ಲಿ ಫ್ರಾನ್ಸಿನ ಸೇನಾವಾದ್ಯಮೇಳಗಳು ಸೊರಗಿದ್ದವು. ಪ್ರಷ್ಯ, ಆಸ್ಟ್ರಿಯಗಳ ಮೇಳಗಳ ಮುಂದೆ ಅವು ಪೇಲವವೆನಿಸುತ್ತಿದ್ದವು. 1842ರಲ್ಲಿ ಪ್ಯಾರಿಸ್ಸಿಗೆ ಬಂದು ನೆಲಸಿದ ಬೆಲ್ಜಿಯಮ್ಮಿನ ವಾದ್ಯಕಾರ ಅಡಾಲ್ಫ್ ಸ್ಯಾಕ್ಸ್ (1814–1894) ಇದಕ್ಕೊಂದು ಮದ್ದನ್ನು ಸೂಚಿಸಿದ. ಅವನ ಸ್ಯಾಕ್ಸ್‌ಹಾರ್ನ್‌ಗಳು ಒಂದೇ ಮನೆಯ ಅಣ್ಣತಮ್ಮಂದಿರಂತೆ: ಗಾತ್ರ ಬೇರೆ, ಶ್ರುತಿ ಬೇರೆ, ಬೆರಳಾಟ ಮಾತ್ರ ಒಂದೇ. ಒಂದನ್ನು ಕಲಿತ ಸಿಪಾಯಿ ಇನ್ನೊಂದನ್ನು ಬೇಗನೆ ಕೈವಶ ಮಾಡಿಕೊಳ್ಳಬಲ್ಲ. ಆದರೆ ಓಬೋ, ಬಸೂನ್ ಮುಂತಾದ ಹಳೆಯ ಮರದ ವಾದ್ಯಗಳಿಗೆ ಈ ಯೋಜನೆಯಲ್ಲಿ ಎಡೆಯಿರಲಿಲ್ಲ. ಅವನ್ನು ಮಾಡಿ, ನುಡಿಸಿ ಬದುಕುತ್ತಿದ್ದವರಿಗೆ ಇದು ಅನ್ನದ ಪ್ರಶ್ನೆಯಾಯಿತು.

ಸರ್ಕಾರ ಸೇನಾಧಿಕಾರಿಗಳೂ ಹೆಸರಾಂತ ಸಂಗೀತ ರಚನಕಾರರೂ ಇದ್ದ ಸಮಿತಿಯೊಂದನ್ನು ನೇಮಿಸಿತು. 1845ರ ಏಪ್ರಿಲ್ 22ರಂದು ಪ್ಯಾರಿಸ್ಸಿನ ಷಾನ್ ದ ಮಾರ್ಸ್ ಮೈದಾನದಲ್ಲಿ ಎರಡು ಮೇಳಗಳು ಸ್ಪರ್ಧೆಗೆ ನಿಂತವು. ಒಂದು ಹಳೆಯ ಪದ್ಧತಿಯದು, ಸೇನಾ ಸಂಗೀತ ಶಾಲೆಯ ನಿರ್ದೇಶಕ ಕರಾಫನದು, ಇನ್ನೊಂದು ಸ್ಯಾಕ್ಸನದು. ಸ್ಯಾಕ್ಸನ ವಾದಕರಲ್ಲಿ ಕೆಲವರು ಅಂದು ಬರಲೇ ಇಲ್ಲ. ಆದರೂ ನೆರೆದ ಸಾವಿರಾರು ಜನರ ಚಪ್ಪಾಳೆ ಅವನ ಕಡೆಗೇ ಸಂದಿತು. ಅದೇ ವರ್ಷ ಸರ್ಕಾರ ಅವನ ವಾದ್ಯಗಳನ್ನು ಸೈನ್ಯಕ್ಕೆ ಅಂಗೀಕರಿಸಿತು.

ಗೆದ್ದವನ ಜಾಣ್ಮೆಗಿಂತ ಈ ಪರೀಕ್ಷೆಯ ಕ್ರಮವೇ ನನಗೆ ಹೆಚ್ಚು ಮೆಚ್ಚಿಕೆಯಾದದ್ದು. ನಾಲ್ಕು ಗೋಡೆಗಳ ನಡುವೆ ಊದಿದರೆ ಗೋಡೆಯೇ ದನಿಗೆ ಹೆಗಲು ಕೊಡುತ್ತದೆ. ಓಬೋವಿನ ನವುರಾದ ನಾದ ಅಲ್ಲಿ ಬಹು ಸೊಗಸು. ಆದರೆ ಸೈನಿಕ ಹೆಜ್ಜೆ ಹಾಕುವುದು ಬಯಲಿನಲ್ಲಿ. ನುಡಿಯಬೇಕಾದ ಸ್ಥಳದಲ್ಲಿಯೇ ನುಡಿಸಿ ನೋಡಿದ್ದು ವಿವೇಕವಲ್ಲವೇ?

ಕಿವಿ ಕೊಟ್ಟ ತೀರ್ಪನ್ನು ಕಾಲ ಮಾತ್ರ ಸುಲಭವಾಗಿ ಒಪ್ಪಲಿಲ್ಲ. ಎದುರಾಳಿ ವಾದ್ಯಕಾರರು ವರ್ಷಗಟ್ಟಲೆ ಸ್ಯಾಕ್ಸನನ್ನು ನ್ಯಾಯಾಲಯಕ್ಕೆ ಎಳೆದರು. 1848ರ ಕ್ರಾಂತಿಯ ತರುವಾಯ ಸರ್ಕಾರದ ಆ ಆಜ್ಞೆ ರದ್ದಾಯಿತು. 1854ರಲ್ಲಿ ಅವನ ವಾದ್ಯಗಳಿಗೆ ಮತ್ತೆ ಮನ್ನಣೆ ದೊರೆಯಿತು. ಇಷ್ಟಾದರೂ ಅವನು 1852, 1873, 1877ರಲ್ಲಿ, ಹೀಗೆ ಮೂರು ಸಲ ದಿವಾಳಿಯೆದ್ದ.

ಅವನು 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದು, ದನಿ ಹುಟ್ಟುವುದು ಜೊಂಡಿನ ಪಟ್ಟಿಯಿಂದ. ಮೈಸೂರು ಅರಮನೆಯ ವಾದ್ಯಮೇಳದಲ್ಲಿ ಅದಕ್ಕೆ ಮನಸೋತ ಕದ್ರಿ ಗೋಪಾಲನಾಥ್ (1949–2019) ನಾಗಸ್ವರದ ಮನೆತನದವರು. ಗಮಕಕ್ಕೆ ಒಗ್ಗುವಂತೆ ಅದನ್ನು ಪಳಗಿಸಿದರು. ಪ್ಯಾರಿಸ್ಸಿನವರು ತಮ್ಮ ವಾದ್ಯಗಳನ್ನು ಬಯಲಿನ ಒರೆಗೆ ಹಚ್ಚಿದರೆ, ಇವರು ಹಚ್ಚಿದ್ದು ರಾಗದ ಒರೆಗೆ. ವಾದ್ಯ ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ, ಎಲ್ಲಿ ನುಡಿಸಲು, ಏನನ್ನು ನುಡಿಸಲು ಎಂದು ಮೊದಲು ಮರುಪ್ರಶ್ನೆ ಹಾಕಬೇಕು.