ಪುರಾಣಭಾಂಡ ಮತ್ತು ನ್ಯಾಯವಾದ ಬೆಲೆ: ಬಳಸಿದ ಕ್ಯಾಮೆರಾ ಮಸೂರಗಳ ಮಾರಾಟ – ಮೈಸೂರಿನ ನೆಲೆಯಿಂದ ಒಂದು ಅಧ್ಯಯನ

ಕರ್ನಾಟಕದ ಆರ್ಥಿಕ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಹೊಸ ಸರಕಿನ ಉತ್ಪಾದನೆ, ಸಾಗಾಣಿಕೆ, ಸುಂಕ, ಸಂತೆ ಹಾಗೂ ವರ್ತಕ ಸಂಘಗಳ ವಿವೇಚನೆಗೆ ಪ್ರಮುಖ ಸ್ಥಾನವಿದೆ. ಒಮ್ಮೆ ಬಳಕೆಯಾದ ವಸ್ತು ಕೈಯಿಂದ ಕೈಗೆ ಸಾಗುವ ಕ್ರಮ ಮತ್ತು ಪ್ರತಿಯೊಂದು ಹಸ್ತಾಂತರದಲ್ಲಿಯೂ ಅದರ ಬೆಲೆ ನಿರ್ಧಾರವಾಗುವ ಬಗೆ ಅದರಷ್ಟೇ ಮಹತ್ತ್ವದ ವಿಷಯವಾಗಿದೆ. ಛಾಯಾಗ್ರಾಹಕರು ‘ಲೆನ್ಸ್’ ಎಂದೇ ಕರೆಯುವ ಕ್ಯಾಮೆರಾ ಮಸೂರವು ಇಂತಹ ಅಧ್ಯಯನಕ್ಕೆ ಯೋಗ್ಯವಾದ ನಿದರ್ಶನ. ಅದು ದೂರದೇಶದಿಂದ ಬಂದ ಬೆಲೆಬಾಳುವ ವಸ್ತು. ತಾನು ಸೇರಿಕೊಂಡ ಕ್ಯಾಮೆರಾಕ್ಕಿಂತ ಹೆಚ್ಚು ಕಾಲ ಬಾಳುವಂಥದು. ಅದರ ದೋಷಗಳು ಹೊರಗಣ್ಣಿಗೆ ಸುಲಭವಾಗಿ ಕಾಣಿಸುವುದಿಲ್ಲ. ಹಳೆಯ ಮಸೂರದ ನ್ಯಾಯವಾದ ಬೆಲೆ ಯಾವ ಆಧಾರಗಳ ಮೇಲೆ ನಿಲ್ಲುತ್ತದೆ ಎಂಬುದನ್ನು ಮೈಸೂರು ನಗರವನ್ನು ನೆಲೆಯಾಗಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿವೇಚನೆಯನ್ನು ಮೈಸೂರಿನಿಂದಲೇ ಆರಂಭಿಸಲು ಒಂದು ವಿಶೇಷ ಕಾರಣವಿದೆ. 1891ರಲ್ಲಿ ಸ್ಥಾಪಿತವಾದ ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಹಸ್ತಪ್ರತಿಯನ್ನು ಗುರುತಿಸಿದರು. 1909ರಲ್ಲಿ ಮೂಲಪಾಠವೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಪ್ರಕಟವಾದವು. ಆ ಗ್ರಂಥದ ನಾಲ್ಕನೆಯ ಅಧಿಕರಣವಾದ ಕಂಟಕಶೋಧನದಲ್ಲಿ ವರ್ತಕರ ನಿಯಂತ್ರಣವನ್ನು ಕುರಿತ ಅಧ್ಯಾಯವಿದ್ದು, ಅದರ ಆರಂಭದಲ್ಲಿಯೇ ‘ಪುರಾಣಭಾಂಡ’ದ, ಎಂದರೆ ಹಳೆಯ ವಸ್ತುಗಳ, ವಿಷಯ ಬರುತ್ತದೆ. ತನ್ನ ಒಡೆತನವನ್ನು ಸಿದ್ಧಪಡಿಸಿದವನಿಗೆ ಮಾತ್ರ ಅಂತಹ ವಸ್ತುಗಳನ್ನು ಮಾರುವುದಕ್ಕಾಗಲಿ ಅಡವಿಡುವುದಕ್ಕಾಗಲಿ ಮಾರುಕಟ್ಟೆಯ ಮೇಲ್ವಿಚಾರಕನಾದ ಸಂಸ್ಥಾಧ್ಯಕ್ಷನು ಅವಕಾಶ ಕೊಡಬೇಕೆಂಬುದು ಅಲ್ಲಿನ ವಿಧಿ. ಕೀಳು ದರ್ಜೆಯದನ್ನು ಉತ್ತಮವೆಂದು ನಂಬಿಸಿ ಮಾರಿದವನಿಗೆ ಬೆಲೆಯ ಎಂಟರಷ್ಟು ದಂಡವನ್ನೂ, ವರ್ತಕರು ಕೂಡಿಕೊಂಡು ಸರಕನ್ನು ತಡೆಹಿಡಿದರೆ ಅಥವಾ ಅನುಚಿತವಾದ ಬೆಲೆಗೆ ಮಾರಿದರೆ ಸಾವಿರ ಪಣಗಳ ದಂಡವನ್ನೂ ಗ್ರಂಥವು ವಿಧಿಸುತ್ತದೆ. ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭವನ್ನು ಅದು ಒಪ್ಪುತ್ತದೆ.

ಈ ವಿಧಿಗಳಿಂದ ಮೂರು ತತ್ತ್ವಗಳನ್ನು ಗ್ರಹಿಸಬಹುದು. ಮೊದಲನೆಯದು ಒಡೆತನದ ಪುರಾವೆ. ಎರಡನೆಯದು ವಸ್ತುವಿನ ಗುಣವನ್ನು ಇದ್ದಂತೆ ಹೇಳುವುದು. ಮೂರನೆಯದು ಮಧ್ಯವರ್ತಿಯ ಲಾಭಕ್ಕೆ ಒಂದು ಮಿತಿ. ನ್ಯಾಯವಾದ ಬೆಲೆಯೆಂಬುದು ಕೇವಲ ಒಂದು ಸಂಖ್ಯೆಯಲ್ಲ, ಅದು ಈ ಮೂರೂ ನೆರವೇರಿದಾಗ ದೊರೆಯುವ ಫಲ ಎಂಬುದು ಇದರ ಅಭಿಪ್ರಾಯ. ಇಪ್ಪತ್ತು ಶತಮಾನಗಳಷ್ಟು ಹಿಂದಿನ ಈ ಮಾನದಂಡವು ಛಾಯಾಗ್ರಹಣದ ಮಸೂರಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಅರಿಯಲು ಆ ಮಸೂರದ ಚರಿತ್ರೆಯತ್ತ ತಿರುಗಬೇಕಾಗುತ್ತದೆ.

1839ರಲ್ಲಿ ಛಾಯಾಗ್ರಹಣ ವಿಧಾನವು ಜಗತ್ತಿಗೆ ಪ್ರಕಟವಾಯಿತು. ಮರುವರ್ಷವೇ ಜೋಸೆಫ್ ಪೆಟ್ಜ್‌ವಾಲ್ ರೂಪಿಸಿದ ಭಾವಚಿತ್ರದ ಮಸೂರವು ಹೆಚ್ಚು ಬೆಳಕನ್ನು ಒಳಬಿಟ್ಟು ಚಿತ್ರ ತೆಗೆಯುವ ಅವಧಿಯನ್ನು ಬಹಳವಾಗಿ ತಗ್ಗಿಸಿತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 1854ರಲ್ಲಿ ಲಿನಿಯಸ್ ಟ್ರೈಪ್ ಬೇಲೂರು ಹಳೇಬೀಡುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಮುಂದೆ ಆರ್. ನರಸಿಂಹಾಚಾರ್ಯರ ಕಾಲದಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ಸ್ಮಾರಕಗಳ ಛಾಯಾಚಿತ್ರಗಳಿಂದ ಕೂಡಿ ಹೊರಬಂದವು. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳನ್ನು ಅಲಂಕರಿಸಿರುವ ದಸರಾ ಮೆರವಣಿಗೆಯ ವರ್ಣಚಿತ್ರಗಳಿಗೂ ಛಾಯಾಚಿತ್ರಗಳೇ ಆಧಾರವಾದವು. ಹೀಗೆ ಸಂಸ್ಥಾನದ ಆಡಳಿತ, ಸಂಶೋಧನೆ ಮತ್ತು ವೈಭವ ಇವೆಲ್ಲವೂ ಮಸೂರದ ಮೂಲಕ ಹಾದುಬಂದಿವೆ. ಆದರೆ ಆ ಮಸೂರಗಳು ಯುರೋಪಿನ ಕಾರ್ಖಾನೆಗಳಲ್ಲಿ ತಯಾರಾಗಿ ಬಂದವು. ಪರದೇಶದ ಸರಕು ಎಂಬ ಲಕ್ಷಣವು ಅದರ ಬೆಲೆಯ ಚರಿತ್ರೆಯುದ್ದಕ್ಕೂ ಮುಂದುವರಿದಿದೆ.

ಸ್ವಾತಂತ್ರ್ಯಾನಂತರ ಈ ಲಕ್ಷಣವೇ ನಿರ್ಣಾಯಕವಾಯಿತು. 1947ರ ಆಮದು ಮತ್ತು ರಫ್ತು ನಿಯಂತ್ರಣ ಕಾಯಿದೆಯ ಅಡಿಯಲ್ಲಿ ವಿದೇಶೀ ವಸ್ತುಗಳಿಗೆ ಪರವಾನಗಿ ಬೇಕಾಯಿತು. 1950ರ ದಶಕದ ಉತ್ತರಾರ್ಧದಲ್ಲಿ ವಿದೇಶೀ ವಿನಿಮಯದ ಕೊರತೆಯುಂಟಾದಾಗ ಹಿಡಿತವು ಇನ್ನಷ್ಟು ಬಿಗಿಯಾಯಿತು. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯು ಫಿಲ್ಮಿನ ಅಗತ್ಯವನ್ನು ಸ್ವಲ್ಪಮಟ್ಟಿಗೆ ಪೂರೈಸಿತು. ಆದರೆ ವೃತ್ತಿಪರರಿಗೆ ಬೇಕಾದ, ಬದಲಾಯಿಸಬಲ್ಲ ಮಸೂರಗಳಿಗೆ ಬಹುಮಟ್ಟಿಗೆ ಜರ್ಮನಿ ಮತ್ತು ಜಪಾನುಗಳನ್ನೇ ಅವಲಂಬಿಸಬೇಕಾಗಿತ್ತು. ಮೈಸೂರಿನಲ್ಲಿ 1923ರಲ್ಲಿ ಜನಿಸಿ, ಇಲ್ಲಿಯೇ ವ್ಯಾಸಂಗ ಮಾಡಿ, ದೇಶದ ಪ್ರಮುಖ ಪತ್ರಿಕಾ ಛಾಯಾಗ್ರಾಹಕರೆನಿಸಿ 1977ರಲ್ಲಿ ಪದ್ಮಶ್ರೀ ಪಡೆದ ಟಿ. ಎಸ್. ಸತ್ಯನ್ ಅವರ ವೃತ್ತಿಜೀವನದ ಬಹುಭಾಗ ಇದೇ ನಿಯಂತ್ರಣದ ಕಾಲಕ್ಕೆ ಸೇರಿದುದು. ಅವರ ತಲೆಮಾರಿನ ಭಾರತೀಯ ಛಾಯಾಗ್ರಾಹಕರ ಸಾಧನೆಯನ್ನು ಅಳೆಯುವಾಗ ಸಲಕರಣೆಯ ದುರ್ಲಭತೆಯನ್ನು ಮರೆಯುವಂತಿಲ್ಲ.

ನಿಯಂತ್ರಣದ ಕಾಲದಲ್ಲಿ ಬಳಸಿದ ಮಸೂರದ ಬೆಲೆಯು ಸಾಮಾನ್ಯ ನಿಯಮಕ್ಕೆ ವ್ಯತಿರಿಕ್ತವಾಗಿ ವರ್ತಿಸಿತು. ಬಳಕೆಯಾದಂತೆ ವಸ್ತುವಿನ ಬೆಲೆ ತಗ್ಗುವುದು ಲೋಕರೂಢಿ. ಆದರೆ ಹೊಸದು ದೊರೆಯದಿರುವಾಗ ಹಳೆಯದಕ್ಕೆ ಪ್ರತಿಸ್ಪರ್ಧಿಯೇ ಇರುವುದಿಲ್ಲ. ವಿದೇಶದಿಂದ ಹಿಂತಿರುಗಿದವರ ಸಾಮಾನಿನೊಂದಿಗೆ ಬಂದ ಮಸೂರವು ವರ್ಷಗಳ ಬಳಕೆಯ ಅನಂತರವೂ ಕೊಂಡ ಬೆಲೆಯನ್ನು ಉಳಿಸಿಕೊಳ್ಳಲು, ಕೆಲವೊಮ್ಮೆ ಮೀರಲು, ಇದೇ ಕಾರಣ. ಇಂತಹ ಸಂದರ್ಭದಲ್ಲಿ ಸುಂಕದ ರಸೀತಿಯು ಕಾಗದದ ಚೂರಾಗಿ ಉಳಿಯದೆ ಬೆಲೆಯ ಭಾಗವೇ ಆಯಿತು. ರಸೀತಿಯಿದ್ದ ಮಸೂರವನ್ನು ನಿರ್ಭೀತಿಯಿಂದ ಮಾರಬಹುದಾಗಿತ್ತು. ಇಲ್ಲದ ಮಸೂರವನ್ನು ಕೊಳ್ಳುವವನು ಮುಂದಿನ ತೊಂದರೆಯನ್ನೂ ಜೊತೆಗೆ ಕೊಳ್ಳುತ್ತಿದ್ದನು. ಕೌಟಿಲ್ಯನು ಹೇಳಿದ ಒಡೆತನದ ಪುರಾವೆಯ ಅರ್ಥವು ಇಲ್ಲಿ ಸ್ಪಷ್ಟವಾಗುತ್ತದೆ.

1991ರ ಆರ್ಥಿಕ ಸುಧಾರಣೆಗಳು, 1992ರ ವಿದೇಶೀ ವ್ಯಾಪಾರ ಕಾಯಿದೆ ಹಾಗೂ 2001ರ ಏಪ್ರಿಲ್‌ನಲ್ಲಿ ಬಳಕೆಯ ವಸ್ತುಗಳ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳ ತೆರವು ಈ ಸ್ಥಿತಿಯನ್ನು ಬದಲಾಯಿಸಿದವು. ಹೊಸ ಮಸೂರ ಅಂಗಡಿಯಲ್ಲಿಯೇ ದೊರೆಯತೊಡಗಿದಾಗ ಹಳೆಯದರ ಬೆಲೆಯನ್ನು ಅದರೊಡನೆ ಹೋಲಿಸಿ ನೋಡುವುದು ಸಾಧ್ಯವಾಯಿತು. ಅದೇ ಅವಧಿಯಲ್ಲಿ ತಂತ್ರಜ್ಞಾನವೂ ತನ್ನ ಪ್ರಭಾವವನ್ನು ಬೀರಿತು. ಮಸೂರವನ್ನು ಕ್ಯಾಮೆರಾಕ್ಕೆ ಜೋಡಿಸುವ ಬಾಯಿಕಟ್ಟು, ಅಂದರೆ ‘ಮೌಂಟ್’, ಬೆಲೆಯನ್ನು ನಿರ್ಣಯಿಸುವ ಮುಖ್ಯ ಅಂಶವಾಯಿತು. 1959ರಲ್ಲಿ ನಿಕಾನ್ ಸಂಸ್ಥೆಯು ಬಳಕೆಗೆ ತಂದ ಎಫ್ ಮೌಂಟನ್ನು ದಶಕಗಳ ಕಾಲ ಉಳಿಸಿಕೊಂಡುದರಿಂದ ಅದರ ಅನೇಕ ಹಳೆಯ ಮಸೂರಗಳಿಗೆ ಬೇಡಿಕೆ ಉಳಿಯಿತು. ಕ್ಯಾನನ್ ಸಂಸ್ಥೆಯು 1987ರಲ್ಲಿ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ಮೌಂಟನ್ನು ತಂದಾಗ ಹಳೆಯ ಮಸೂರಗಳು ಹೊಸ ಕ್ಯಾಮೆರಾಗಳಿಗೆ ಹೊಂದದೆಹೋದವು. ಗಾಜು ಅದೇ, ಗುಣವೂ ಅದೇ. ಬೆಲೆ ಮಾತ್ರ ಕುಸಿಯಿತು. 2008ರಿಂದೀಚೆಗೆ ಕನ್ನಡಿರಹಿತ ಕ್ಯಾಮೆರಾಗಳು ಬಂದು, ಜೋಡಣೆಯ ಬಳೆಯೊಂದರ ನೆರವಿನಿಂದ ಹಳೆಯ ಮಸೂರಗಳನ್ನು ಬಳಸುವುದು ಸಾಧ್ಯವಾದಾಗ ಅವೇ ಮಸೂರಗಳಿಗೆ ಮತ್ತೆ ಕೊಳ್ಳುವವರು ದೊರೆತರು. ಬೆಲೆಯು ವಸ್ತುವಿನ ಒಳಗೆ ಅಡಗಿರದೆ ಕಾಲದೊಡನೆ ಅದಕ್ಕಿರುವ ಸಂಬಂಧದಲ್ಲಿದೆ ಎಂಬುದಕ್ಕೆ ಇದೊಂದು ಸಾಕ್ಷ್ಯ.

ಮೌಂಟಿನ ಬೆಲೆ ಕಾಲವನ್ನು ಅವಲಂಬಿಸಿದರೆ ಗಾಜಿನ ಸ್ಥಿತಿ ಸ್ಥಳವನ್ನು ಅವಲಂಬಿಸುತ್ತದೆ. ಮೈಸೂರಿನ ಹವೆ ಸಾಮಾನ್ಯವಾಗಿ ಹಿತಕರವಾದುದು. ಆದರೆ ಪಶ್ಚಿಮಕ್ಕೆ ಕೊಡಗು, ನೈರುತ್ಯಕ್ಕೆ ವಯನಾಡು ಮಳೆಯ ಸೀಮೆಗಳಾಗಿವೆ. ಬಂಡೀಪುರ, ನಾಗರಹೊಳೆ ಮತ್ತು ರಂಗನತಿಟ್ಟುಗಳು ಹತ್ತಿರದಲ್ಲಿರುವುದರಿಂದ ಈ ನಗರವು ವನ್ಯಜೀವಿ ಛಾಯಾಗ್ರಹಣದ ಕೇಂದ್ರಗಳಲ್ಲೊಂದಾಗಿದೆ. ಕೃಪಾಕರ–ಸೇನಾನಿ ಅವರಂತಹ ಪ್ರಸಿದ್ಧ ವನ್ಯಜೀವಿ ಛಾಯಾಗ್ರಾಹಕರು ಈ ನಗರದವರು. ದೂರದ ಪ್ರಾಣಿಪಕ್ಷಿಗಳನ್ನು ಹಿಡಿಯಬಲ್ಲ ಉದ್ದನೆಯ ಮಸೂರಗಳು ದುಬಾರಿಯಾದುದರಿಂದ ಹೊಸ ಹವ್ಯಾಸಿಗಳಿಗೆ ಬಳಸಿದ ಮಸೂರವೇ ಸುಲಭದ ದಾರಿ. ಮಳೆಗಾಲದ ಕಾಡಿನಲ್ಲಿ ಓಡಾಡಿ, ತೇವ ಆರುವ ಮುನ್ನವೇ ಚರ್ಮದ ಚೀಲವನ್ನು ಸೇರಿದ ಮಸೂರದೊಳಗೆ ಬೂಷ್ಟು ಬೆಳೆಯುತ್ತದೆ. ಅದು ಮೊದಲು ಜೇಡರ ಬಲೆಯ ಎಳೆಯಂತೆ ಕಾಣಿಸಿಕೊಂಡು, ಕ್ರಮೇಣ ಗಾಜಿನ ಮೇಲಣ ಲೇಪವನ್ನು ಕೆಡಿಸುತ್ತದೆ. ಆರಂಭದಲ್ಲಿಯೇ ಬಿಚ್ಚಿ ಒರೆಸಿದರೆ ಮಸೂರ ಉಳಿಯುತ್ತದೆ. ಲೇಪ ಕೆಟ್ಟ ಮೇಲೆ ಶುಚಿಗೊಳಿಸಿದರೂ ಕಲೆ ಹೋಗುವುದಿಲ್ಲ.

ಆದುದರಿಂದ ಬಳಸಿದ ಮಸೂರದ ಪರೀಕ್ಷೆಗೆ ಒಂದು ಕ್ರಮವಿದೆ. ಬೆಳಕಿನ ರಂಧ್ರವನ್ನು ಪೂರ್ತಿಯಾಗಿ ತೆರೆದು, ಒಂದು ಬದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ, ಇನ್ನೊಂದು ಬದಿಯಿಂದ ನೋಡಿದಾಗ ಬೂಷ್ಟು, ಮಂಜು, ಗಾಜುಗಳನ್ನು ಅಂಟಿಸಿದ ಪದರ ಬಿಟ್ಟುಕೊಂಡಿರುವುದು ಇವೆಲ್ಲ ಗೋಚರಿಸುತ್ತವೆ. ರಂಧ್ರದ ಅಲಗುಗಳಿಗೆ ಎಣ್ಣೆ ಜಿನುಗಿದ್ದರೆ ಅವು ನಿಧಾನವಾಗಿ ಚಲಿಸುತ್ತವೆ. ಮುಂಭಾಗದ ಸಣ್ಣ ಗೀರು ಚಿತ್ರವನ್ನು ಅಷ್ಟಾಗಿ ಬಾಧಿಸುವುದಿಲ್ಲ. ಹಿಂಭಾಗದ ಗೀರು ಹೆಚ್ಚು ಹಾನಿಕರ. ಅನುಭವವಿಲ್ಲದ ಕೊಳ್ಳುಗನು ಮುಂಭಾಗದ ಗೀರನ್ನೇ ದೊಡ್ಡದಾಗಿ ಎಣಿಸಿ ಒಳ್ಳೆಯ ಮಸೂರವನ್ನು ಬಿಡುವುದೂ, ಹೊರಗೆ ಥಳಥಳಿಸುವ ಆದರೆ ಒಳಗೆ ಬೂಷ್ಟು ಹಿಡಿದ ಮಸೂರಕ್ಕೆ ಪೂರ್ತಿ ಬೆಲೆ ತೆರುವುದೂ ಉಂಟು. ಮಾರುವವನಿಗೂ ಇದೇ ಅಜ್ಞಾನ ನಷ್ಟವನ್ನುಂಟುಮಾಡುತ್ತದೆ. ತನ್ನ ವಸ್ತುವಿನ ಗುಣವನ್ನು ತೋರಿಸಿಕೊಡಲಾರದವನು ಮಧ್ಯವರ್ತಿ ಹೇಳಿದ ಬೆಲೆಯನ್ನು ಒಪ್ಪಬೇಕಾಗುತ್ತದೆ.

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿರುವಾಗ ಮಾರುಕಟ್ಟೆಯೇ ಕೆಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬಳಸಿದ ಕಾರುಗಳ ಉದಾಹರಣೆಯಿಂದ ವಿವರಿಸಿದನು. 2001ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಮೂವರಲ್ಲಿ ಆತನೂ ಒಬ್ಬನು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾಗದ ಕೊಳ್ಳುಗನು ಎರಡಕ್ಕೂ ನಡುವಣ ಬೆಲೆಯನ್ನು ಮಾತ್ರ ಕೊಡಬಲ್ಲನು. ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯನು ಮಾರಲು ಒಪ್ಪುವುದಿಲ್ಲ. ಕಡೆಗೆ ಮಾರುಕಟ್ಟೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. ಭಾರತೀಯ ಕಾನೂನು ಈ ಸಮಸ್ಯೆಗೆ ಭಾಗಶಃ ಪರಿಹಾರವನ್ನು ಒದಗಿಸುತ್ತದೆ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ವರ್ಣಿಸಿ ಮಾರಿದ ವಸ್ತು ಆ ವರ್ಣನೆಗೆ ಹೊಂದಬೇಕು. ಸಾಮಾನ್ಯವಾಗಿ ಮಾರುವವನಿಗೆ ಇಲ್ಲದ ಒಡೆತನವು ಕೊಳ್ಳುವವನಿಗೆ ದೊರೆಯುವುದಿಲ್ಲ. ಆದರೆ ಪರೀಕ್ಷಿಸಿದ್ದರೆ ಕಾಣಬಹುದಾಗಿದ್ದ ದೋಷದ ಬಗೆಗೆ, ಪರೀಕ್ಷಿಸಿ ಕೊಂಡವನು ಅನಂತರ ದೂರುವುದು ಕಷ್ಟ. ಲಾಭದ ವಿಷಯದಲ್ಲಿ 2017ರ ಸರಕು ಮತ್ತು ಸೇವಾ ತೆರಿಗೆಯ ನಿಯಮವೊಂದು ಗಮನಾರ್ಹವಾಗಿದೆ. ಹೂಡುವಳಿ ತೆರಿಗೆಯ ಜಮೆಯನ್ನು ಪಡೆಯದೆ ಬಳಸಿದ ವಸ್ತುವನ್ನು ಕೊಂಡು, ಅದರ ಸ್ವರೂಪವನ್ನು ಬದಲಿಸದೆ ಮಾರುವ ವ್ಯಾಪಾರಿಯು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. 10,000 ರೂಪಾಯಿಗೆ ಕೊಂಡ ಮಸೂರವನ್ನು 13,000ಕ್ಕೆ ಮಾರಿದರೆ ತೆರಿಗೆ 3,000ಕ್ಕಷ್ಟೇ ಅನ್ವಯಿಸುತ್ತದೆ. ಕೌಟಿಲ್ಯನು ಲಾಭವನ್ನು ಮಿತಿಗೊಳಿಸಿದನು. ಇಂದಿನ ನಿಯಮವು ಲಾಭವನ್ನು ಮಿತಿಗೊಳಿಸದಿದ್ದರೂ ಅದನ್ನು ಲೆಕ್ಕದ ಪುಸ್ತಕದಲ್ಲಿ ಕಾಣುವಂತೆ ಮಾಡುತ್ತದೆ.

ಈ ಚರ್ಚೆ ವ್ಯಾಪಾರಕ್ಕಷ್ಟೇ ಸೀಮಿತವಾದುದಲ್ಲ. ಡಿಜಿಟಲ್ ವಿಧಾನವು ಫಿಲ್ಮನ್ನು ಬದಿಗೊತ್ತಿದ ಮೇಲೆ ಹಳೆಯ ಸ್ಟುಡಿಯೋಗಳ ಉಪಕರಣಗಳು ನಿರುಪಯುಕ್ತವೆನಿಸಿದವು. ಹಿತ್ತಾಳೆಯ ಕೊಳವೆಯಲ್ಲಿ ಕೂಡಿಸಿದ ಹಳೆಯ ಭಾವಚಿತ್ರ ಮಸೂರವು ಗುಜರಿಯ ತಕ್ಕಡಿಯಲ್ಲಿ ಬರಿಯ ಹಿತ್ತಾಳೆ. ಬಲ್ಲ ಸಂಗ್ರಾಹಕನ ಕೈಯಲ್ಲಿ ಅದು ಅಪೂರ್ವ ವಸ್ತು. ಇತಿಹಾಸಕಾರನಿಗೆ ಅದೊಂದು ದಾಖಲೆ. ಅದರ ಮೇಲೆ ಕೊರೆದ ತಯಾರಕರ ಹೆಸರು, ಕ್ರಮಸಂಖ್ಯೆ, ನಾಭಿದೂರ ಇವುಗಳಿಂದ ಅದು ತಯಾರಾದ ಕಾಲವನ್ನು ಅನೇಕ ವೇಳೆ ನಿರ್ಧರಿಸಬಹುದು. ಯಾವ ಸ್ಟುಡಿಯೋದಲ್ಲಿ ಯಾವ ಮಸೂರವಿತ್ತೆಂಬುದು ತಿಳಿದರೆ, ಅಲ್ಲಿ ತೆಗೆದ ಮದುವೆಯ ಚಿತ್ರಗಳ, ಶಾಲೆಯ ಗುಂಪುಚಿತ್ರಗಳ ಕಾಲನಿರ್ಣಯಕ್ಕೂ ಸಹಾಯವಾಗುತ್ತದೆ. ತೂಕದ ಬೆಲೆಗೆ ಮಾರಿದಾಗ ಹಣದ ನಷ್ಟ ಒಂದು ಕುಟುಂಬದ್ದು; ಮಾಹಿತಿಯ ನಷ್ಟ ಇಡೀ ಊರಿನದು.

ಒಟ್ಟಿನಲ್ಲಿ, ಬಳಸಿದ ಮಸೂರದ ನ್ಯಾಯವಾದ ಬೆಲೆಯನ್ನು ಯಾವ ಪಟ್ಟಿಯೂ ಶಾಶ್ವತವಾಗಿ ಹೇಳಲಾರದು. ಆಮದಿನ ನೀತಿ, ಮೌಂಟಿನ ಬಾಳಿಕೆ, ಮಳೆಯ ತೇವ ಇವುಗಳಿಗೆ ಅನುಸಾರವಾಗಿ ಅದು ಏರುತ್ತ ಇಳಿಯುತ್ತ ಬಂದಿದೆ. ಬದಲಾಗದೆ ಉಳಿದಿರುವುದು ಪುರಾವೆಯ ಅಗತ್ಯ. ಕೊಂಡ ರಸೀತಿಯನ್ನು ಜೋಪಾನ ಮಾಡುವುದು, ಕ್ರಮಸಂಖ್ಯೆಯನ್ನು ಬರೆದಿಡುವುದು, ದೋಷವನ್ನು ಮುಚ್ಚಿಡದೆ ಹೇಳುವುದು, ಆ ಮಸೂರದಿಂದಲೇ ತೆಗೆದ ಚಿತ್ರವನ್ನು ತೋರಿಸುವುದು ಇವು ಮಾರುವವನಿಗೆ ತಕ್ಕ ಬೆಲೆಯನ್ನೂ, ಕೊಳ್ಳುವವನಿಗೆ ನೆಮ್ಮದಿಯನ್ನೂ, ಮುಂದಿನ ಸಂಶೋಧಕನಿಗೆ ಆಕರವನ್ನೂ ಒದಗಿಸುತ್ತವೆ. ಪುರಾಣಭಾಂಡದ ವಿಧಿಯನ್ನು ಜಗತ್ತಿಗೆ ಮತ್ತೆ ತಿಳಿಯಪಡಿಸಿದ ನಗರದಲ್ಲಿ ಹಳೆಯ ಸ್ಟುಡಿಯೋಗಳ ಉಪಕರಣಗಳ ಸಮೀಕ್ಷೆಯೊಂದು ನಡೆಯುವುದು ಉಚಿತವಾಗಿದೆ. ಆ ಮಸೂರಗಳು ತಕ್ಕಡಿಗೆ ಏರುವ ಮುನ್ನ ಅದು ನಡೆಯಬೇಕಾಗಿದೆ.