ಗಾಡಿ ಕಂಡೀಷನ್

ಕಂಡೀಷನ್ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ. ವಸ್ತುವಿನದೋ ಮನುಷ್ಯನದೋ ಈಗಿನ ಸ್ಥಿತಿ ಒಂದು, ಒಪ್ಪಂದದಲ್ಲಿ ಹಾಕುವ ಷರತ್ತು ಇನ್ನೊಂದು. "ಪೇಷಂಟ್ ಕಂಡೀಷನ್ ಹೇಗಿದೆ?" ಎಂದು ಆಸ್ಪತ್ರೆಯಲ್ಲಿ ಕೇಳುವುದು ಮೊದಲನೆಯದು. "ಮನೆ ಬಾಡಿಗೆಗೆ ಕೊಡ್ತೀವಿ, ಆದ್ರೆ ಒಂದು ಕಂಡೀಷನ್" ಎನ್ನುವುದು ಎರಡನೆಯದು. ಇಂಗ್ಲಿಷಿನಿಂದ ಬರುವಾಗಲೇ ಪದ ಎರಡೂ ಅರ್ಥಗಳನ್ನು ಹೊತ್ತು ತಂದಿತ್ತು. ಅದರ ಮೂಲ ಲ್ಯಾಟಿನ್ನಿನ ಕಾಂಡಿಸಿಯೊ. ಕೂಡಿ ಆಡಿದ ಮಾತು, ಅಂದರೆ ಕರಾರು, ಎಂಬುದು ಅಲ್ಲಿನ ಹಳೆಯ ಅರ್ಥ. ಹಳೆಯ ವಾಹನ ಕೊಳ್ಳುವವರು, ರಿಪೇರಿಗೆ ಬಿಡುವವರು ಪಡುವ ಪಾಡಿನ ಬಹುಪಾಲು ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲೇ ಹುಟ್ಟುತ್ತದೆ.

ವಾಹನಗಳ ಪೇಟೆಯಲ್ಲಿ ಪದ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಸ್ಥಿತಿ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಆದರೆ "ಗಾಡಿ ಕಂಡೀಷನ್ ಐತ್ರಿ" ಎಂದರೆ ಚೆನ್ನಾಗಿದೆ ಎಂದೇ ಅರ್ಥ. ಚೆನ್ನ ಎಂಬ ವಿಶೇಷಣವನ್ನು ಪದ ತನ್ನೊಳಗೇ ಸೇರಿಸಿಕೊಂಡಿದೆ. ಹಳೆ ಮೈಸೂರಿನ ಕಡೆ "ಗಾಡಿ ಕಂಡೀಷನ್ನಾಗಿದೆ" ಎನ್ನುತ್ತಾರೆ. ಅಲ್ಲಿಂದ ಮಾತು ಮನುಷ್ಯರಿಗೂ ಹಬ್ಬಿದೆ: ಎಂಬತ್ತರಲ್ಲೂ ಹೊಲಕ್ಕೆ ನಡೆದು ಹೋಗುವ ಅಜ್ಜ "ಇನ್ನೂ ಕಂಡೀಷನ್ನಾಗಿದ್ದಾನೆ". ಗ್ಯಾರೇಜಿನಲ್ಲಿ ಅದೇ ಪದ ಕ್ರಿಯೆಯಾಗುತ್ತದೆ. "ಎರಡು ದಿನ ಬಿಡ್ರಿ, ಕಂಡೀಷನ್ ಮಾಡಿ ಕೊಡ್ತೀನಿ" ಎಂದರೆ ಕೆಟ್ಟದ್ದನ್ನು ಸರಿಮಾಡಿ ಕೊಡುವ ಭರವಸೆ.

ಪುಣೆ ಜಿಲ್ಲೆ ದೌಂಡ್ ತಾಲ್ಲೂಕಿನ ಕುರಕುಂಭದಂಥ ಊರಲ್ಲಿ ಈ ಪದಕ್ಕೆ ದಿನವಿಡೀ ದುಡಿಮೆ. ಪುಣೆ–ಸೋಲಾಪುರ ಹೆದ್ದಾರಿಯನ್ನು ದೌಂಡ್–ಬಾರಾಮತಿ ರಸ್ತೆ ಇಲ್ಲಿ ಅಡ್ಡ ಹಾಯುತ್ತದೆ. ರಾಸಾಯನಿಕ ಕಾರ್ಖಾನೆಗಳ ದೊಡ್ಡ ಕೈಗಾರಿಕಾ ಪ್ರದೇಶವೂ ಇದೆ. ಇದೇ 65ನೇ ರಾಷ್ಟ್ರೀಯ ಹೆದ್ದಾರಿ ಪೂರ್ವಕ್ಕೆ ಸೋಲಾಪುರ, ಉಮರ್ಗಾ ದಾಟಿ ಬೀದರ್ ಜಿಲ್ಲೆಯ ಹುಮನಾಬಾದಿಗೆ ಹೋಗುತ್ತದೆ. ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬರುವವರ ಹಾದಿ ಇದು. ಹೀಗಾಗಿ ಎಮ್.ಎಚ್. 12ರ ಪುಣೆ, 42ರ ಬಾರಾಮತಿ, 13ರ ಸೋಲಾಪುರದ ವಾಹನಗಳ ಜೊತೆಗೆ ಕೆ.ಎ. 32ರ ಕಲಬುರಗಿ, 38ರ ಬೀದರ್ ಗಾಡಿಗಳೂ ಈ ದಾರಿಯಲ್ಲಿ ಓಡುತ್ತವೆ. ಮಾರುವವನ ಮಾತು ಮರಾಠಿ, ಕೊಳ್ಳುವವನದು ಕನ್ನಡ, ನಡುವೆ ನಿಂತ ದಲಾಲನದು ಹಿಂದಿ. ಮೂರು ಭಾಷೆಗಳಲ್ಲೂ ಬದಲಾಗದೆ ದಾಟುವ ಮಾತು ಇದೊಂದೇ. "ಗಾಡಿ ಏಕ್ದಮ್ ಕಂಡಿಷನ್ ಮಧ್ಯೇ ಆಹೇ, ಭಾವೂ" ಎಂದಾಗ ಕನ್ನಡದವನಿಗೆ ಅನುವಾದ ಬೇಕಾಗುವುದಿಲ್ಲ. ಅರ್ಥವಾಯಿತು ಎಂಬ ಆ ನೆಮ್ಮದಿಯಲ್ಲಿ, ಏನು ಕಂಡೀಷನ್, ಯಾವ ಭಾಗದ್ದು, ಎಷ್ಟು ದಿನಕ್ಕೆ ಎಂಬ ಪ್ರಶ್ನೆಗಳು ಬಾಯಿಗೆ ಬರುವುದಿಲ್ಲ.

ಪೇಟೆಯಲ್ಲಿ ಕಂಡೀಷನ್ನಿಗೆ ದರ್ಜೆಗಳಿವೆ. "ಶೋರೂಂ ಕಂಡೀಷನ್" ಹೇಳುವುದು ಬಣ್ಣ, ಸೀಟು, ಹೊಳಪಿನ ವಿಷಯವನ್ನು. ಇಂಜಿನ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. "ರನ್ನಿಂಗ್ ಕಂಡೀಷನ್" ಎಂದರೆ ಕೀಲಿ ತಿರುಗಿಸಿದರೆ ಹೊತ್ತಿಕೊಳ್ಳುತ್ತದೆ ಎಂದಷ್ಟೆ. "ಒಂದ್ರೂಪಾಯಿ ಕೆಲಸ ಇಲ್ಲ" ಎಂಬ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು. ಕೊಂಡ ಮರುವಾರವೇ ಕ್ಲಚ್ ಪ್ಲೇಟು ಹೋದರೆ ಕೊಂಡವನ ಮನಸ್ಸಿನಲ್ಲಿ ಉಳಿಯುವುದೂ ಅದೇ. ಬ್ಯಾಂಕು ಸಾಲ ತೀರದ ವಾಹನವನ್ನು ಹರಾಜು ಹಾಕುವಾಗ "ಇದ್ದಲ್ಲಿ ಇದ್ದ ಹಾಗೆ" ಎಂದು ಪ್ರಕಟಣೆಯಲ್ಲೇ ಹೇಳಿಬಿಡುತ್ತದೆ. ಬಾಯಿಮಾತಿನ ಕಂಡೀಷನ್ನಿಗಿಂತ ಅದು ಪ್ರಾಮಾಣಿಕ ಮಾತು. ಹೊಣೆ ಇಲ್ಲ ಎಂಬುದು ಅಲ್ಲಿ ಮೊದಲೇ ಗೊತ್ತಿರುತ್ತದೆ.

ಗಾಡಿ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ, ನೋಡುವ ಪುರುಸೊತ್ತು ಬೇಕು. ಕೊಳ್ಳುವವನು ಬರುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮರೆಯಾಗುತ್ತದೆ, ಆದ್ದರಿಂದ ಅನುಭವಿಗಳು ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಆಯಿಲ್ ಕಡ್ಡಿಯನ್ನು ಎಳೆದಾಗ ಹಾಲು ಬೆರೆತ ಚಹದ ಬಣ್ಣ ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು, ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಾನೆಟ್ ಮತ್ತು ಬಾಗಿಲಿನ ಬೋಲ್ಟುಗಳ ತಲೆಯ ಬಣ್ಣ ಸ್ಪ್ಯಾನರ್ ತಾಗಿ ಕಿತ್ತಿದ್ದರೆ ಅವನ್ನು ಒಮ್ಮೆ ಬಿಚ್ಚಲಾಗಿದೆ, ಯಾಕೆಂದು ಕೇಳಬೇಕು. 2019ರಲ್ಲಿ ಸಾಂಗಲಿ, ಕೊಲ್ಹಾಪುರಗಳಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ನೆರೆ ಬಂದಾಗ ಕಾರುಗಳು ನೀರಿನಲ್ಲಿ ನಿಂತಿದ್ದವು. ನೀರು ಕಂಡ ಕಾರಿನ ಒಳಗನ್ನು ಎಷ್ಟು ತೊಳೆದರೂ ಸೀಟ್ ಬೆಲ್ಟನ್ನು ಕೊನೆಯತನಕ ಎಳೆದರೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುವುದುಂಟು.

ಮೀಟರಿನದು ಬೇರೆಯೇ ಕಥೆ. ಹಳೆಯ ಹಲ್ಲುಚಕ್ರದ ಮೀಟರನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಿದ್ದರು, ಡಿಜಿಟಲ್ ಮೀಟರಿನ ಅಂಕಿಯನ್ನು ಉಪಕರಣ ಜೋಡಿಸಿ ಬದಲಿಸುತ್ತಾರೆ. ಆದರೆ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ಹಾಗೇ ಉಳಿಯುತ್ತವೆ. 3521 ಎಂದಿದ್ದರೆ 2021ರ 35ನೇ ವಾರದಲ್ಲಿ ತಯಾರಾದ ಟೈರು. ಮೀಟರು 28,000 ಕಿಲೋಮೀಟರ್ ತೋರಿಸುತ್ತಿದ್ದು, ನಾಲ್ಕು ಟೈರುಗಳ ಮೇಲೂ ಗಾಡಿಗಿಂತ ಈಚಿನ ಬೇರೆಬೇರೆ ವರ್ಷಗಳಿದ್ದರೆ, ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ಆ ಅಂಕಿಯನ್ನು ನಂಬಲು ಕಾರಣವಿಲ್ಲ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಗಾಡಿ ನಂಬರಿನ ಮೇಲೆ ದಾಖಲಾದ ಕಿಲೋಮೀಟರುಗಳನ್ನು ಹೋಲಿಸಿ ನೋಡುವುದು ಇನ್ನೂ ಖಚಿತವಾದ ದಾರಿ.

ಷರತ್ತು ಎಂಬ ಎರಡನೆಯ ಅರ್ಥಕ್ಕೆ ಕಾನೂನಿನ ಬಲವಿದೆ. 1930ರ ಸರಕು ಮಾರಾಟ ಕಾಯ್ದೆಯ 12ನೇ ಕಲಂ ಮಾರಾಟದ ಮಾತನ್ನು ಎರಡಾಗಿ ವಿಂಗಡಿಸುತ್ತದೆ. ಒಪ್ಪಂದದ ಮುಖ್ಯ ಉದ್ದೇಶಕ್ಕೇ ಬೇಕಾದ ಮಾತು ಕಂಡೀಷನ್, ಅದು ಮುರಿದರೆ ಒಪ್ಪಂದವನ್ನೇ ತಿರಸ್ಕರಿಸಬಹುದು. ಪೂರಕವಾದ ಮಾತು ವಾರಂಟಿ, ಮುರಿದರೆ ನಷ್ಟಪರಿಹಾರ ಮಾತ್ರ. ಗುಣಮಟ್ಟದ ಹೊಣೆ ಸಾಮಾನ್ಯವಾಗಿ ಕೊಳ್ಳುವವನದೇ ಎಂದು 16ನೇ ಕಲಂ ಹೇಳುತ್ತದೆ. ಜೊತೆಗೇ ಒಂದು ಮುಖ್ಯ ವಿನಾಯಿತಿ ಕೊಡುತ್ತದೆ. ಅದೇ ವ್ಯಾಪಾರ ಮಾಡುವವನಿಗೆ ತನ್ನ ಅಗತ್ಯವನ್ನು ತಿಳಿಸಿ, ಅವನ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಸರಕು ಆ ಅಗತ್ಯಕ್ಕೆ ತಕ್ಕುದಾಗಿರಬೇಕು.

ಯಾರು ಆಡಿದ ಮಾತು ಎಂಬುದು ಇಲ್ಲಿ ನಿರ್ಣಾಯಕ. ಕಾನೂನು ತರಗತಿಗಳಲ್ಲಿ ಇಂದಿಗೂ ಪಾಠ ಮಾಡುವ ಇಂಗ್ಲೆಂಡಿನ ಎರಡು ತೀರ್ಪುಗಳು ಇದನ್ನು ತಿಳಿಯಾಗಿ ತೋರಿಸುತ್ತವೆ. 1957ರ ಆಸ್ಕರ್ ಚೆಸ್ ಪ್ರಕರಣದಲ್ಲಿ ಒಬ್ಬ ಸಾಮಾನ್ಯ ಗೃಹಸ್ಥ ತನ್ನ ಮಾರಿಸ್ ಕಾರು 1948ರದ್ದೆಂದು ದಾಖಲೆ ಪುಸ್ತಕ ನಂಬಿ ಹೇಳಿದ್ದ, ಅದು 1939ರದ್ದಾಗಿತ್ತು. ಕೊಂಡದ್ದು ಕಾರು ವ್ಯಾಪಾರದ ಸಂಸ್ಥೆ. ಗೃಹಸ್ಥನ ಮಾತು ವಾರಂಟಿಯಲ್ಲ ಎಂದಿತು ನ್ಯಾಯಾಲಯ. 1965ರ ಡಿಕ್ ಬೆಂಟ್ಲಿ ಪ್ರಕರಣದಲ್ಲಿ ಬೆಂಟ್ಲಿ ಕಾರು ಇಂಜಿನ್ ಬದಲಿಸಿದ ಮೇಲೆ 20,000 ಮೈಲಿ ಮಾತ್ರ ಓಡಿದೆ ಎಂದವನು ವ್ಯಾಪಾರಿ. ನಿಜಕ್ಕೂ ಓಡಿದ್ದು ಸುಮಾರು ಒಂದು ಲಕ್ಷ ಮೈಲಿ. ತಿಳಿದುಕೊಳ್ಳುವ ಅವಕಾಶ ಅವನಿಗಿತ್ತು, ಆದ್ದರಿಂದ ಅವನ ಮಾತು ವಾರಂಟಿ ಎಂದಾಯಿತು. ಎರಡೂ ಪೀಠಗಳಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ಇದ್ದರು. ಅಂಗಡಿ ಇಟ್ಟವನ ಬಾಯಿಂದ ಬಂದ ಕಂಡೀಷನ್ನಿಗೂ ನೆರೆಮನೆಯವನ ಬಾಯಿಂದ ಬಂದ ಕಂಡೀಷನ್ನಿಗೂ ತೂಕ ಬೇರೆ.

ರಿಪೇರಿಯಲ್ಲಿ ಜಗಳ ಹುಟ್ಟುವುದು ಬಿಲ್ಲಿನಲ್ಲಿ. ಮಿಸ್ತ್ರಿ ಬ್ರೇಕ್ ನೋಡಲು ಗಾಲಿ ಬಿಚ್ಚುತ್ತಾನೆ, ಬೇರಿಂಗೂ ಹೋಗಿದೆ ಎನ್ನುತ್ತಾನೆ. ಅದು ನಿಜವೇ ಇರಬಹುದು. ಕೇಳದೆ ಹಾಕಿ ಬಿಲ್ಲಿಗೆ ಸೇರಿಸಿದಾಗ ಮಾತ್ರ ನಿಜವೂ ಮೋಸದಂತೆ ಕಾಣುತ್ತದೆ. ಗಾಡಿ ಬಿಡುವಾಗ ಜಾಬ್ ಕಾರ್ಡಿನಲ್ಲಿ ದೂರುಗಳನ್ನು ಬರೆಸುವುದು, ಅಂದಾಜು ದಾಟಿದರೆ ಫೋನು ಮಾಡಬೇಕೆಂದು ಹೇಳಿಡುವುದು, ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು ಒಳ್ಳೆಯ ಗ್ಯಾರೇಜುಗಳಿಗೆ ಹೊಸದಲ್ಲ. ಸವೆದ ಬೇರಿಂಗನ್ನು ಕೈಗಿಟ್ಟು ತಿರುಗಿಸಿ ತೋರಿಸುವ ಮಿಸ್ತ್ರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಅವನಿಗೂ ರಕ್ಷಣೆಯಿದೆ: 1872ರ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಕೆಲಸ ಮಾಡಿದವನು ಕೂಲಿ ಸಲ್ಲುವವರೆಗೆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು.

ಇಂಜಿನ್ನಿನಂತೆ ಕಾಗದಪತ್ರಕ್ಕೂ ಕಂಡೀಷನ್ ಇರುತ್ತದೆ, ರಾಜ್ಯದ ಗಡಿ ದಾಟುವ ಗಾಡಿಗೆ ಅದೇ ಹೆಚ್ಚು ಮುಖ್ಯ. ಕಲಬುರಗಿಯ ಕಾರು ಕುರಕುಂಭಕ್ಕೆ ಮಾರಾಟವಾದರೆ ಮೂಲ ಆರ್‌ಟಿಓದಿಂದ ಎನ್ಒಸಿ ಬೇಕು. ಅದಕ್ಕೆ ನಮೂನೆ 28, ವರ್ಗಾವಣೆಗೆ 29 ಮತ್ತು 30, ಸಾಲ ತೀರಿದ್ದನ್ನು ದಾಖಲಿಸಲು 35. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರುವ ವಾಹನಕ್ಕೆ ಅಲ್ಲಿನ ಹೊಸ ನಂಬರು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅಲ್ಲಿ ತೆರಿಗೆಯನ್ನೂ ಕಟ್ಟಬೇಕು. ಬೆಲೆ ಕುದುರಿಸುವಾಗ ಈ ಖರ್ಚು ಬಹಳ ಜನರ ಲೆಕ್ಕಕ್ಕೆ ಬರುವುದಿಲ್ಲ. ಹೆಸರು ಬದಲಾಗದೆ ಉಳಿದರೆ ಪೆಟ್ಟು ಮಾರಿದವನಿಗೂ ಬೀಳುತ್ತದೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದ 2018ರ ತೀರ್ಪಿನಲ್ಲಿ, ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದ ಕಾರಿನ ಅಪಘಾತಕ್ಕೆ ದಾಖಲೆಯಲ್ಲಿ ಹೆಸರು ಉಳಿದಿದ್ದ ಮೊದಲ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳು ಹಳೆ ವಾಹನಗಳ ವ್ಯಾಪಾರಿಗೆ ಅಧಿಕೃತ ಪತ್ರ ಇರಬೇಕೆನ್ನುತ್ತವೆ. ಅಂಥ ವ್ಯಾಪಾರಿಗೆ ಗಾಡಿ ಒಪ್ಪಿಸಿ ಆರ್‌ಟಿಓಗೆ ತಿಳಿಸಿದ ಮೇಲೆ ಹೊಣೆ ಅವನದಾಗುತ್ತದೆ.

ಕಂಡೀಷನ್ ಎಂದು ಹೇಳಿ ಕೊಟ್ಟದ್ದು ಹಾಗಿಲ್ಲದಿದ್ದರೆ ಹೋಗಬೇಕಾದ ಜಾಗ ಜಿಲ್ಲಾ ಗ್ರಾಹಕ ಆಯೋಗ. ಮೊದಲು ಸಲಹೆ ಬೇಕಿದ್ದರೆ 1915 ಸಹಾಯವಾಣಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದೂರುದಾರನು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಲು ಬಿಡುತ್ತದೆ. ಕುರಕುಂಭದಲ್ಲಿ ಕೆಲಸ ಮಾಡುವವನು ಕಲಬುರಗಿಯಲ್ಲಿ ಕೊಂಡ ಕಾರಿನ ಬಗ್ಗೆ ಪುಣೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಆಯೋಗದ ಮುಂದೆ ಬೇಕಾಗುವುದು ಕಾಗದ: ಮಾರಿದ ದಿನ, ಅಂದಿನ ಮೀಟರಿನ ಅಂಕಿ, ಅಪಘಾತವಾಗಿಲ್ಲ, ನೆರೆಯಲ್ಲಿ ನಿಂತಿಲ್ಲ ಎಂಬ ಸಾಲು, ಸಾಲ ಬಾಕಿಯಿಲ್ಲ ಎಂಬ ಸಾಲು, ಕೆಳಗೆ ವ್ಯಾಪಾರಿಯ ಸಹಿ. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಈ ಕಾಯ್ದೆಯಲ್ಲಿ ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆಂದೇ ಹಳೆಯ ಟೆಂಪೋ ಕೊಂಡು ತಾನೇ ಓಡಿಸುವವನನ್ನು ಕಾಯ್ದೆ ಗ್ರಾಹಕನೆಂದೇ ಎಣಿಸುತ್ತದೆ.