ನೇಪಲ್ಸಿನ ಕೆಂಡದಲ್ಲಿ ಬೆಂದ ಟೊಮೆಟೊ ಪಾಸ್ತಾ

ಧಾರವಾಡದಲ್ಲಿ ನಾನು ನಡೆಸುವ ಬೇಕಿಂಗ್ ತರಗತಿಗೆ ಬರುವ ಹೆಣ್ಣುಮಕ್ಕಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿರುತ್ತದೆ: ಇಟಲಿಯವರು ಅನಾದಿ ಕಾಲದಿಂದ ಪಾಸ್ತಾಕ್ಕೆ ಟೊಮೆಟೊ ಬೆರೆಸಿ ಉಣ್ಣುತ್ತ ಬಂದಿದ್ದಾರೆ ಎಂದು. ಓವನ್‌ನಲ್ಲಿ ಪಾಸ್ತಾ ಬೇಯಿಸುವುದನ್ನು ಕಲಿಸುವ ದಿನ ನಾನು ಮೊದಲು ಹೇಳುವುದು ಈ ತಿನಿಸಿನ ಚರಿತ್ರೆಯನ್ನೇ. ಪಾಸ್ತಾ ಅಲ್ಲಿ ಹಳೆಯದು, ಟೊಮೆಟೊ ಹೊರಗಿನಿಂದ ಬಂದದ್ದು. ಅಡುಗೆ ಪುಸ್ತಕಗಳ ಲೆಕ್ಕದಲ್ಲಿ ಇವೆರಡೂ ಒಂದೇ ಪಾತ್ರೆಗೆ ಬಿದ್ದು ಇನ್ನೂ ಇನ್ನೂರೈವತ್ತು ವರ್ಷ ತುಂಬಿಲ್ಲ.

ಪಾಸ್ತಾದ ಹಳೆಯ ದಾಖಲೆ ಸಿಸಿಲಿಯದು. 1154ರಲ್ಲಿ ಅರಬ್ ಭೂಗೋಳಜ್ಞ ಅಲ್ ಇದ್ರಿಸಿ, ಪಲೆರ್ಮೊ ಹತ್ತಿರದ ತ್ರಾಬಿಯಾ ಎಂಬಲ್ಲಿ ಹಿಟ್ಟಿನ ಎಳೆಗಳನ್ನು ರಾಶಿಗಟ್ಟಲೆ ತಯಾರಿಸಿ ಹಡಗುಗಳಲ್ಲಿ ತುಂಬಿ ಕಳಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಣಗಿದ್ದರಿಂದಲೇ ಅದು ಕೆಡದೆ ದೂರದೂರಿಗೆ ಹೋಯಿತು. ಆಮೇಲೆ ನೇಪಲ್ಸಿನ ಸುತ್ತಲ ಊರುಗಳು ಈ ಕಸುಬಿನಲ್ಲಿ ಮುಂದೆ ಬಂದವು. ಗ್ರಾನ್ಯಾನೊ ಎಂಬ ಊರಿನಲ್ಲಿ ಬೆಟ್ಟದ ತೊರೆಗಳಿಂದ ಗಿರಣಿಗಳು ತಿರುಗುತ್ತಿದ್ದವು. ಕೋಲುಗಳ ಮೇಲೆ ನೇತುಹಾಕಿದ ಪಾಸ್ತಾ ಬೀದಿಯಲ್ಲೇ ಗಾಳಿ ಬಿಸಿಲಿಗೆ ಒಣಗುತ್ತಿತ್ತು. ಅದರ ಹಳೆಯ ಫೋಟೋ ನೋಡಿದರೆ ನಮ್ಮ ಕಡೆ ಬೇಸಿಗೆಯಲ್ಲಿ ಗೋದಿ ಶಾವಿಗೆ ಹೊಸೆದು ಕೋಲಿಗೆ ಹಾಕಿ ಒಣಗಿಸುವ ಮನೆಯಂಗಳವೇ ಕಣ್ಣಿಗೆ ಕಟ್ಟುತ್ತದೆ.

ಆದರೆ ನೇಪಲ್ಸಿನ ಬಡವರು ಮೊದಲಿನಿಂದಲೂ ಪಾಸ್ತಾ ಉಣ್ಣುತ್ತಿರಲಿಲ್ಲ. ಅವರ ನಿತ್ಯದ ಊಟ ಸೊಪ್ಪು, ಕೋಸು. ಸುತ್ತಲಿನವರು ಅವರನ್ನು ಎಲೆ ತಿನ್ನುವವರೆಂದೇ ಹಂಗಿಸುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಊರು ಕಿಕ್ಕಿರಿದು ತುಂಬಿತು, ಮಾಂಸ ಕೈಗೆಟುಕದಾಯಿತು. ಅದೇ ಹೊತ್ತಿಗೆ ಹಿಟ್ಟು ಒತ್ತುವ ಯಂತ್ರಗಳು ಬಂದು ಪಾಸ್ತಾ ಅಗ್ಗವಾಯಿತು. ಬೀದಿ ಬದಿಯ ಕಡಾಯಿಯಿಂದ ಬಿಸಿ ಬಿಸಿಯಾಗಿ ಎತ್ತಿ, ಮೇಲೆ ತುರಿದ ಚೀಸ್ ಉದುರಿಸಿ ಕೊಡುತ್ತಿದ್ದರು. ಜನ ನಿಂತಲ್ಲೇ ಕೈಯಿಂದ ತಿನ್ನುತ್ತಿದ್ದರು. ಟೊಮೆಟೊ ಆಗಲೂ ಅದರ ಹತ್ತಿರ ಸುಳಿದಿರಲಿಲ್ಲ.

ಹಾಗೆಂದು ಟೊಮೆಟೊ ಇಟಲಿಯಲ್ಲಿ ಇರಲಿಲ್ಲವೆಂದಲ್ಲ. ಅಮೆರಿಕದಿಂದ ಸ್ಪೇನಿಗೆ, ಅಲ್ಲಿಂದ ಇಟಲಿಗೆ ಬಂದ ಈ ಹಣ್ಣಿನ ಒಂದು ಬುಟ್ಟಿ 1548ರ ಅಕ್ಟೋಬರ್ 31ರಂದು ಪೀಸಾದಲ್ಲಿ ದೊರೆ ಕೊಸಿಮೊ ದೆ ಮೆದಿಚಿಯ ಮನೆಗೆ ಬಂದದ್ದಕ್ಕೆ ಪತ್ರವಿದೆ. ಅದನ್ನು ನೋಡಿ ಮೆಚ್ಚಿದವರು ಹೆಚ್ಚು, ತಿಂದವರು ಕಡಿಮೆ. ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ನೇಪಲ್ಸಿನಲ್ಲಿ, ಅಂತೋನಿಯೊ ಲತೀನಿ ಎಂಬ ಮನೆವಾರ್ತೆಯ ಅಧಿಕಾರಿ 1692ರಿಂದ 1694ರೊಳಗೆ ಎರಡು ಸಂಪುಟಗಳ ಅಡುಗೆ ಪುಸ್ತಕ ಅಚ್ಚು ಹಾಕಿಸಿದ. ಸುಟ್ಟ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ, ಎಣ್ಣೆ, ವಿನೆಗರ್ ಸೇರಿಸಿದ ಸ್ಪೇನ್ ಶೈಲಿಯ ಸಾಸ್ ಅದರಲ್ಲಿದೆ. ಅದು ಬೇಯಿಸಿದ ಮಾಂಸದ ಜೊತೆಗೆ ಬಡಿಸಲೆಂದು ಮಾಡಿದ್ದು. ಪಾಸ್ತಾದ ಜೊತೆ ಟೊಮೆಟೊ ಪುಸ್ತಕದಲ್ಲಿ ಕಾಣಿಸಲು ಮತ್ತೆ ನೂರು ವರ್ಷ ಬೇಕಾಯಿತು. ಅದನ್ನು 1790ರಲ್ಲಿ ಬರೆದವನು ಫ್ರಾಂಚೆಸ್ಕೊ ಲಿಯೊನಾರ್ದಿ ಎಂಬ ಬಾಣಸಿಗ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಹೆಸರು ಇಪ್ಪೊಲಿತೊ ಕವಲ್ಕಾಂತಿ. ಬುವೊನ್ವಿಚಿನೊ ಎಂಬಲ್ಲಿನ ಡ್ಯೂಕ್ ಪದವಿಯ ದೊಡ್ಡ ಮನುಷ್ಯ ಈತ. 1837ರಲ್ಲಿ ನೇಪಲ್ಸಿನಲ್ಲಿ ಇವನ ಅಡುಗೆ ಪುಸ್ತಕ ಹೊರಬಂತು. 1839ರ ಮುದ್ರಣದಲ್ಲಿ ಮನೆಯಡುಗೆಗೇ ಒಂದು ಭಾಗ ಮೀಸಲಿಟ್ಟು, ಅದನ್ನು ನೇಪಲ್ಸಿನ ಆಡುಮಾತಿನಲ್ಲೇ ಬರೆದ. ಟೊಮೆಟೊ ಹಾಕಿದ ಶಾವಿಗೆ ಪಾಸ್ತಾ ಅದರಲ್ಲಿದೆ. ಅರಮನೆಯ ಭಾಷೆ ಬಿಟ್ಟು ಒಲೆಯ ಮುಂದಿನ ಮಾತಿಗೆ ಅವನು ಕೊಟ್ಟ ಈ ಮರ್ಯಾದೆಗೆ ನಾನು ತಲೆಬಾಗುತ್ತೇನೆ.

ಹಸಿ ಟೊಮೆಟೊ ಮತ್ತು ಹಸಿ ಪಾಸ್ತಾ ಒಟ್ಟಿಗೆ ಬೇಯುವ ತಿಂಬಾಲ್ಲೊ ಎಂಬ ತಿನಿಸು ಕೂಡ ಅವನದೇ ಪುಸ್ತಕದ್ದು. ನಾನು ಮಾಡುವ ರೀತಿ ಹೀಗೆ. ಟೊಮೆಟೊವನ್ನು ಅಡ್ಡಡ್ಡ ಎರಡು ಹೋಳು ಮಾಡಿ ಬೀಜ ತೆಗೆಯುತ್ತೇನೆ. ಎಣ್ಣೆ ಸವರಿದ ಪಾತ್ರೆಯಲ್ಲಿ ಕೊಯ್ದ ಮುಖ ಮೇಲಾಗಿ ಒತ್ತೊತ್ತಾಗಿ ಜೋಡಿಸಿ, ಉಪ್ಪು, ಕರಿಮೆಣಸಿನ ಪುಡಿ ಉದುರಿಸುತ್ತೇನೆ. ಅದರ ಮೇಲೆ ತೆಳು ಎಳೆಯ ಪಾಸ್ತಾವನ್ನು ಬೇಯಿಸದೆ, ಪಾತ್ರೆಯ ಅಳತೆಗೆ ಮುರಿದು ಹರಡುತ್ತೇನೆ. ಹೀಗೇ ಪದರದ ಮೇಲೆ ಪದರ ಇಟ್ಟು, ಕೊನೆಯ ಪದರದ ಟೊಮೆಟೊ ಹೋಳುಗಳನ್ನು ಮಗುಚಿ ಇಡಬೇಕು. ಆಗ ರಸವೆಲ್ಲ ಪಾಸ್ತಾದೊಳಕ್ಕೇ ಇಳಿಯುತ್ತದೆ. ಒಂದು ಹನಿ ನೀರು ಹಾಕುವುದಿಲ್ಲ, ಹಾಗಾಗಿ ಹಣ್ಣಿನಲ್ಲೇ ರಸವಿರಬೇಕು. ದಪ್ಪ ಸಿಪ್ಪೆಯ ಹೈಬ್ರಿಡ್ ಹಣ್ಣಿನಲ್ಲಿ ಎಳೆಗಳು ಅರೆಬೆಂದು ಕಟಕಟ ಎನ್ನುತ್ತವೆ. ಜವಾರಿ ಟೊಮೆಟೊ ಹಾಕಿದರೆ ಹುಳಿಯೂ ಹದವೂ ಎರಡೂ ಬರುತ್ತವೆ. ಪಾತ್ರೆಯ ಅಂಚಿಗೆ ಅಂಟಿದ ಎಳೆಗಳು ಕೆಂಪಗೆ ಗರಿಗರಿಯಾಗಿ, ಮನೆಯ ಮಕ್ಕಳು ಮೊದಲು ಕೈಹಾಕುವುದು ಅಲ್ಲಿಗೇ.

ನಾನು ಇದನ್ನು ಬೇಯಿಸುವುದು ಓವನ್‌ನಲ್ಲಿ. ಆಗಿನ ಮನೆಗಳಲ್ಲಿ ಓವನ್ ಎಲ್ಲಿತ್ತು? ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಮೇಲಿನ ಕೆಂಡದಿಂದಲೇ ಆ ಗರಿ ಬರುತ್ತಿತ್ತು.

ಶ್ರೀಮಂತರ ತಿಂಬಾಲ್ಲೊ ಬೇರೆಯೇ ಜಾತಿಯದು. ಜುಸೆಪ್ಪೆ ತೊಮಾಸಿ ದಿ ಲಂಪೆದೂಸಾ ಬರೆದು 1958ರಲ್ಲಿ ಪ್ರಕಟವಾದ 'ಇಲ್ ಗತ್ತೊಪಾರ್ದೊ' ಕಾದಂಬರಿಯಲ್ಲಿ, 1860ರ ಸಿಸಿಲಿಯ ಜಮೀನ್ದಾರರ ಔತಣಕ್ಕೆ ಅದು ಬರುತ್ತದೆ. ಸಕ್ಕರೆ, ದಾಲ್ಚಿನ್ನಿಯ ಕಂಪಿನ ಹೊಂಬಣ್ಣದ ಕವಚ. ಅದರೊಳಗೆ ಕೋಳಿಯ ಪಿತ್ತಜನಕಾಂಗ, ಮೊಟ್ಟೆ, ಹ್ಯಾಮ್, ಪಾಸ್ತಾ. ಟೊಮೆಟೊಗೆ ಅಲ್ಲಿ ಜಾಗವಿಲ್ಲ. ಇವತ್ತು ಜಗತ್ತಿನ ಮನೆಮನೆಯಲ್ಲಿ ಬೇಯುತ್ತಿರುವುದು ಟೊಮೆಟೊ ಹಾಕಿದ ಮನೆಯಡುಗೆಯ ಪಾಸ್ತಾ. ಅದಕ್ಕೆ ಡಬ್ಬಿಯೂ ಕಾರಣ. ಫ್ರಾಂಚೆಸ್ಕೊ ಚಿರಿಯೊ 1856ರಲ್ಲಿ ತುರಿನ್‌ನಲ್ಲಿ ಬಟಾಣಿಯನ್ನು ಡಬ್ಬಿಗೆ ತುಂಬಲು ತೊಡಗಿದ. ಮುಂದೆ ದಕ್ಷಿಣದ ಟೊಮೆಟೊವೂ ಡಬ್ಬಿಗೆ ಇಳಿದು ಕಡಲು ದಾಟಿತು. ಡಬ್ಬಿಯಿಂದ ವರ್ಷವಿಡೀ ಸಾಸ್ ಸಿಕ್ಕಿತು. ಹಸಿ ಹಣ್ಣಿನ ತಿಂಬಾಲ್ಲೊ ಮಾತ್ರ ಹಿಂದೆ ಸರಿಯಿತು.

ನಮ್ಮ ಕತೆಯೂ ಹೀಗೇ ಇದೆ. ಮೂರನೆಯ ಮಂಗರಸ ಸುಮಾರು 1508ರಲ್ಲಿ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದಾಗ ಇಲ್ಲಿ ಟೊಮೆಟೊವೂ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಇವತ್ತಿಗೂ ಮಡಿವಂತರ ಮನೆಯ ಶ್ರಾದ್ಧದ ಅಡುಗೆಗೆ ಟೊಮೆಟೊ ಹಾಕುವುದಿಲ್ಲ. ಉಳಿದ ದಿನ ಟೊಮೆಟೊ ಇಲ್ಲದೆ ನಮ್ಮ ಸಾರು ಕುದಿಯುವುದಿಲ್ಲ. ಈ ಬದಲಾವಣೆ ಯಾವ ಊರಲ್ಲಿ, ಯಾರ ಮನೆಯಲ್ಲಿ ಮೊದಲಾಯಿತು ಎಂದು ಹೇಳಬಲ್ಲ ಅಜ್ಜಿಯಂದಿರು ಕಣ್ಮರೆಯಾಗುತ್ತಿದ್ದಾರೆ.

ನೇಪಲ್ಸಿನ ಒಲೆಯ ಚರಿತ್ರೆ ನಮಗೆ ಸಿಕ್ಕಿದ್ದು ಅಲ್ಲಿ ಒಬ್ಬ ಆಡುಮಾತಿನಲ್ಲಿ ಬರೆದಿಟ್ಟಿದ್ದರಿಂದ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಮನೆಯ ಹಿರಿಯರನ್ನು ಕೂಡಿಸಿಕೊಂಡು ಅವರ ಒಂದೊಂದು ಅಡುಗೆಯನ್ನೂ ಅವರದೇ ಮಾತಿನಲ್ಲಿ, ಊರು, ಇಸವಿ ಸಮೇತ ಬರೆದಿಡಿ.